ಸ್ಟಾರ್ ಟ್ರೆಕ್ ಕಾದಂಬರಿಗಳು: ಮೊದಲು ಯಾವುದನ್ನು ಓದಬೇಕು?

ಪ್ರಶ್ನೆ: ಮಾನ್ಯರೇ, ಬಾಹ್ಯಾಕಾಶ ಯಾನದ ಕಥೆಯಾದ ಸ್ಟಾರ್ ಟ್ರೆಕ್‌ನ ಮೊದಲ ಧಾರಾವಾಹಿಯನ್ನು ನಾನು ಬಾಲ್ಯದಲ್ಲಿ ದೂರದರ್ಶನದಲ್ಲಿ ಅಷ್ಟಿಷ್ಟು ನೋಡಿದ್ದೆ. ಈಚೆಗೆ ಅದನ್ನೂ ಅದರ ನಂತರದ 'ದಿ ನೆಕ್ಸ್ಟ್ ಜನರೇಷನ್' ಧಾರಾವಾಹಿಯನ್ನೂ ಪೂರ್ತಿಯಾಗಿ ನೋಡಿ ಮುಗಿಸಿದೆ. ಇವುಗಳನ್ನು ಆಧರಿಸಿದ ಕಾದಂಬರಿಗಳು ನೂರಾರು ಇವೆಯೆಂದು ತಿಳಿದು ಓದುವ ಆಸೆಯಾಗಿದೆ. ಆದರೆ ಕೆಲವು ಪುಸ್ತಕಗಳ ಮೇಲೆ ಕ್ರಮಸಂಖ್ಯೆ ಇದೆ, ಕೆಲವುಗಳ ಮೇಲೆ ಇಲ್ಲ. ಸ್ನೇಹಿತರೊಬ್ಬರು ಒಂದನೆಯ ಸಂಖ್ಯೆಯಿಂದಲೇ ಓದಬೇಕು ಎನ್ನುತ್ತಾರೆ, ಇನ್ನೊಬ್ಬರು 2001ರ ನಂತರದವನ್ನು ಓದಿದರೆ ಸಾಕು ಎನ್ನುತ್ತಾರೆ. ನಾನು ಯಾವುದನ್ನು ಮೊದಲು ಕೈಗೆತ್ತಿಕೊಳ್ಳಲಿ?
— ಓದುಗರೊಬ್ಬರು, ಧಾರವಾಡ

ಉತ್ತರ: ಪುಸ್ತಕದ ಮೇಲಿನ ಸಂಖ್ಯೆಯನ್ನು ನೀವು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ. ಅದು ಪಾಕೆಟ್ ಬುಕ್ಸ್ ಸಂಸ್ಥೆ ಪುಸ್ತಕಗಳನ್ನು ಅಚ್ಚು ಹಾಕಿಸಿದ ಅನುಕ್ರಮವನ್ನು ತಿಳಿಸುತ್ತದೆಯೇ ಹೊರತು ಕಥೆಯ ಅನುಕ್ರಮವನ್ನಲ್ಲ. ಒಂದನೆಯ ಸಂಖ್ಯೆಯ ಪುಸ್ತಕವನ್ನೇ ನೋಡಿ: ಅದು 1979ರ ಮೊದಲ ಚಲನಚಿತ್ರದ ಕಾದಂಬರಿ ರೂಪ, ಬರೆದವರು ಸ್ಟಾರ್ ಟ್ರೆಕ್‌ನ ಸೃಷ್ಟಿಕರ್ತರಾದ ಜೀನ್ ರಾಡನ್‌ಬೆರಿ. ಅದರಲ್ಲಿ ಮೊದಲ ಧಾರಾವಾಹಿಯ ಐದು ವರ್ಷಗಳ ಯಾನ ಮುಗಿದುಹೋಗಿದೆ, ಎಂಟರ್‌ಪ್ರೈಸ್ ನೌಕೆಯ ನಾಯಕ ಕರ್ಕ್ ಆಗಲೇ ಅಡ್ಮಿರಲ್ ಪದವಿಗೆ ಏರಿದ್ದಾನೆ. 1981ರಲ್ಲಿ ಬಂದ ಎರಡನೆಯ ಸಂಖ್ಯೆಯ ಪುಸ್ತಕ, ವೊಂಡಾ ಮೆಕಿಂಟೈರ್ ಅವರ 'ದಿ ಎಂಟ್ರೊಪಿ ಎಫೆಕ್ಟ್', ಮತ್ತೆ ಹಿಂದಕ್ಕೆ ಸರಿದು ಅದೇ ಯಾನದ ದಿನಗಳಿಗೆ ಹೋಗುತ್ತದೆ. ಹೀಗಿರುವಾಗ ಒಂದು, ಎರಡು, ಮೂರು ಎಂದು ಓದುತ್ತ ಹೋದವರಿಗೆ ಒಂದು ಕಥೆಯಿಂದ ಇನ್ನೊಂದು ಕಥೆಗೆ ಯಾವ ಎಳೆಯೂ ಸಿಗುವುದಿಲ್ಲ, ಜೊತೆಗೆ ಸಾಧಾರಣವಾದ ಹಲವು ಪುಸ್ತಕಗಳನ್ನು ದಾಟಿದ ಮೇಲೆಯೇ ಒಳ್ಳೆಯ ಪುಸ್ತಕ ಸಿಗುತ್ತದೆ.

ನಿಮ್ಮ ಸ್ನೇಹಿತರ ಮಾತಿನಲ್ಲಿರುವ ಭಿನ್ನಾಭಿಪ್ರಾಯಕ್ಕೆ ಒಂದು ಕಾರಣವಿದೆ. 1980 ಮತ್ತು 1990ರ ದಶಕದ ಕಾದಂಬರಿಗಳಲ್ಲಿ ಬಹುಪಾಲು ಬಿಡಿ ಕಥೆಗಳು. ಧಾರಾವಾಹಿಯೋ ಚಲನಚಿತ್ರವೋ ಆಗ ಮುಂದುವರಿಯುತ್ತಲೇ ಇದ್ದುದರಿಂದ, ಕಾದಂಬರಿಕಾರರು ಪಾತ್ರಗಳನ್ನು ಎಲ್ಲಿಂದ ಎತ್ತಿಕೊಂಡರೋ ಕೊನೆಯ ಪುಟದಲ್ಲಿ ಅಲ್ಲಿಯೇ ತಂದು ಬಿಡಬೇಕಾಗಿತ್ತು. ಯಾರೂ ಸಾಯುವಂತಿರಲಿಲ್ಲ, ಮದುವೆಯಾಗುವಂತಿರಲಿಲ್ಲ, ಬಡ್ತಿ ಪಡೆಯುವಂತಿರಲಿಲ್ಲ. 2001ರಿಂದ ಈಚೆಗೆ, ಕಿರುತೆರೆಯಲ್ಲಿ ಮುಗಿದುಹೋದ ಧಾರಾವಾಹಿಗಳ ಕಥೆಯನ್ನು ಪುಸ್ತಕಗಳೇ ಮುಂದುವರಿಸಲು ತೊಡಗಿದವು. ಅಲ್ಲಿ ಒಂದು ಪುಸ್ತಕದಲ್ಲಿ ಸತ್ತವರು ಮುಂದಿನದರಲ್ಲಿಯೂ ಸತ್ತೇ ಇರುತ್ತಾರೆ. ಮೊದಲ ಬಗೆಯ ಪುಸ್ತಕಗಳನ್ನು ಯಾವ ಕ್ರಮದಲ್ಲಿ ಬೇಕಾದರೂ ಓದಬಹುದು, ಎರಡನೆಯ ಬಗೆಯವನ್ನು ಕ್ರಮವಾಗಿಯೇ ಓದಬೇಕು. ಆದ್ದರಿಂದ ಹೊಸದಾಗಿ ಬರುವ ಓದುಗರು ಮೊದಲು ಒಂದು ಬಿಡಿ ಕಾದಂಬರಿಯನ್ನು, ಅದರಲ್ಲಿಯೂ ಧಾರಾವಾಹಿಯಲ್ಲಿ ತಮಗೆ ಬಹಳ ಹಿಡಿಸಿದ ಪಾತ್ರ ಇಲ್ಲವೇ ಜನಾಂಗದ ಕುರಿತಾದ ಕಾದಂಬರಿಯನ್ನು, ಒಳ್ಳೆಯ ಲೇಖಕರ ಹೆಸರು ನೋಡಿ ಆರಿಸಿಕೊಳ್ಳಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಯಾವ ವರ್ಷದ ಪುಸ್ತಕ, ಎಷ್ಟನೆಯ ಪುಸ್ತಕ ಎಂಬುದಕ್ಕಿಂತ ಬರೆದವರು ಯಾರು ಎಂಬುದೇ ಇಲ್ಲಿ ಮುಖ್ಯ.

ಮೊದಲ ಧಾರಾವಾಹಿಯನ್ನು ಈಗಷ್ಟೇ ನೋಡಿ ಮುಗಿಸಿದ ನಿಮಗೆ ನಾನು ಮೊದಲು ಕೊಡುವ ಪುಸ್ತಕ ಡಯೇನ್ ಡುವೇನ್ ಅವರ 'ಮೈ ಎನಿಮಿ, ಮೈ ಆಲೈ'. 1984ರಲ್ಲಿ ಪ್ರಕಟವಾಯಿತು. ಏಲ್ ಎಂಬ ರೊಮ್ಯುಲನ್ ಜನಾಂಗದ ಮಹಿಳಾ ದಂಡನಾಯಕಿಗೆ ತನ್ನ ಸಾಮ್ರಾಜ್ಯದ ಒಂದು ಗುಟ್ಟು ತಿಳಿದುಬರುತ್ತದೆ: ಕರ್ಕ್‌ನ ಸಹಾಧಿಕಾರಿ ಸ್ಪಾಕ್‌ನ ಜನಾಂಗವಾದ ವಲ್ಕನ್ನರನ್ನು ಸೆರೆಹಿಡಿದು, ಅವರ ಮಿದುಳಿನ ಅಂಗಾಂಶದಿಂದ ಪರರ ಮನಸ್ಸನ್ನು ಹೊಕ್ಕುವ ಶಕ್ತಿಯನ್ನು ಹೊರತೆಗೆಯುವ ಪ್ರಯೋಗ ರಹಸ್ಯವಾಗಿ ನಡೆಯುತ್ತಿದೆ. ಇದು ತನ್ನ ಜನರ ಮಾನಕ್ಕೇ ಕುಂದು ಎಂದು ಬಗೆದ ಆಕೆ, ಅದನ್ನು ನಿಲ್ಲಿಸುವುದಕ್ಕಾಗಿ ತನ್ನ ಶತ್ರುವಾದ ಕರ್ಕ್‌ನ ಬಳಿಗೇ ಬರುತ್ತಾಳೆ. ಕಥೆ ಓಡುತ್ತದೆ ಎಂಬುದಷ್ಟೇ ಇದರ ಗುಣವಲ್ಲ. ಎಂಟರ್‌ಪ್ರೈಸ್ ನೌಕೆಯಲ್ಲಿ ನಾನೂರಕ್ಕೂ ಮಿಕ್ಕಿ ಜನ ಇದ್ದಾರೆಂದು ಧಾರಾವಾಹಿ ಹೇಳುತ್ತದೆ, ಆದರೆ ತೋರಿಸುವುದು ಹತ್ತು ಹನ್ನೆರಡು ಮಂದಿಯನ್ನು, ಅವರಲ್ಲಿ ಸ್ಪಾಕ್‌ನೊಬ್ಬನ ಹೊರತು ಮಿಕ್ಕವರೆಲ್ಲ ಮನುಷ್ಯರು. ಡುವೇನ್ ಅವರ ನೌಕೆಯಲ್ಲಿ ನಾನಾ ಲೋಕಗಳ ಜೀವಿಗಳು ಕೆಲಸ ಮಾಡುತ್ತವೆ. ಧಾರಾವಾಹಿಯ ಒಂದು ಕಂತಿನಲ್ಲಿ ಕಲ್ಲನ್ನು ಕರಗಿಸಿ ತಿನ್ನುತ್ತಿದ್ದ ಹಾರ್ಟಾ ಎಂಬ ಜೀವಿಯನ್ನು ನೀವು ನೋಡಿದ್ದೀರಿ. ಅದರ ಮರಿಗಳಲ್ಲೊಂದು ಇಲ್ಲಿ ಸಮವಸ್ತ್ರದ ದರ್ಜೆ ಪಡೆದ ಅಧಿಕಾರಿಯಾಗಿ ನೌಕೆಯ ಓಣಿಗಳಲ್ಲಿ ಓಡಾಡುತ್ತದೆ. ಆ ಕಾಲದ ಕಿರುತೆರೆಯ ಹಣದಲ್ಲಿ ತೋರಿಸಲಾಗದೆ ಹೋದದ್ದನ್ನು ಅಕ್ಷರದಲ್ಲಿ ತೋರಿಸಬಹುದೆಂಬ ಧೈರ್ಯ ಈ ಪುಸ್ತಕದ ಪ್ರತಿ ಅಧ್ಯಾಯದಲ್ಲಿಯೂ ಇದೆ. ಇದು ಮೆಚ್ಚಿಗೆಯಾದರೆ ಅದೇ ಲೇಖಕಿಯ 'ಸ್ಪಾಕ್ಸ್ ವರ್ಲ್ಡ್' ಓದಿ. 1988ರ ಈ ಕಾದಂಬರಿಯಲ್ಲಿ ವಲ್ಕನ್ ಲೋಕವು ಭೂಮಿಯೂ ಸೇರಿದ ಲೋಕಗಳ ಒಕ್ಕೂಟದಿಂದ ಹೊರಬರಬೇಕೇ ಬೇಡವೇ ಎಂಬ ಸಾರ್ವಜನಿಕ ಚರ್ಚೆ ಒಂದು ಅಧ್ಯಾಯವಾದರೆ, ಆ ಲೋಕದ ಸಾವಿರಾರು ವರ್ಷಗಳ ಹಿಂದಿನ ಚರಿತ್ರೆ ಮುಂದಿನ ಅಧ್ಯಾಯ. ಹೀಗೆಯೇ ಕೊನೆಯವರೆಗೆ ಸಾಗುತ್ತದೆ.

ಎರಡನೆಯದಾಗಿ ಜಾನ್ ಎಂ. ಫೋರ್ಡ್ ಅವರ 'ದಿ ಫೈನಲ್ ರಿಫ್ಲೆಕ್ಷನ್' ಓದಿ, ಇದು ಕೂಡ 1984ರದು. ಇದನ್ನೇ ಮೊದಲು ಓದಿ ಎಂದು ಹೇಳದಿರುವುದಕ್ಕೆ ಒಂದೇ ಕಾರಣ: ಕರ್ಕ್ ಮತ್ತು ಸ್ಪಾಕ್ ಇದರಲ್ಲಿ ಮೊದಲಲ್ಲೊಮ್ಮೆ, ಕೊನೆಯಲ್ಲೊಮ್ಮೆ ಕಾಣಿಸಿಕೊಳ್ಳುತ್ತಾರೆ, ಅಷ್ಟೆ. ರಜೆ ಮುಗಿಸಿ ನೌಕೆಗೆ ಮರಳಿದ ಕರ್ಕ್‌ಗೆ ತನ್ನ ಸಿಬ್ಬಂದಿಯೆಲ್ಲ ಶತ್ರು ಜನಾಂಗವಾದ ಕ್ಲಿಂಗನ್ನರ ಕುರಿತ ಯಾವುದೋ ಕಾದಂಬರಿಯನ್ನು ಓದುತ್ತಿರುವುದು ತಿಳಿಯುತ್ತದೆ, ಅವನೂ ಓದಲು ಕೂರುತ್ತಾನೆ, ಅವನು ಓದುವುದೇ ನಾವು ಓದುವ ಕಥೆ. ಅದರ ನಾಯಕ ಒಬ್ಬ ಅನಾಥ ಕ್ಲಿಂಗನ್ ಹುಡುಗ. ಕಥೆ ತೆರೆದುಕೊಳ್ಳುವುದು ಒಂದು ಆಟದ ಅಂಕಣದಲ್ಲಿ. ಕ್ಲಿನ್ ಝಾ ಎಂಬ ಈ ಆಟ ಚದುರಂಗದ ಜಾತಿಯದು, ಆದರೆ ಆ ದಿನ ಮನೆಗಳ ಮೇಲೆ ನಿಂತಿರುವ ಕಾಯಿಗಳು ಜೀವಂತ ಹುಡುಗರು, ಒಂದು ಮನೆಗಾಗಿ ಇಬ್ಬರು ಎದುರಾದರೆ ನಿಜವಾಗಿ ಹೊಡೆದಾಡಬೇಕು. ಹುಡುಗ ಈಟಿಗಾರನ ಕಾಯಿ. ಅವನನ್ನು ಮೇಲಿನಿಂದ ನಡೆಸುತ್ತಿರುವ ಆಟಗಾರ ಯಾರೆಂಬುದೂ ಅವನಿಗೆ ಗೊತ್ತಿಲ್ಲ. ಅವನು ಬೆಳೆದು ಕ್ರೆನ್ ಎಂಬ ಹೆಸರಿನ ನೌಕಾನಾಯಕನಾಗಿ, ಇಮ್ಯಾನ್ಯುಯಲ್ ಟ್ಯಾಗೋರ್ ಎಂಬ ಅಹಿಂಸಾವಾದಿ ರಾಯಭಾರಿಯನ್ನು ಭೂಮಿಯಿಂದ ಕರೆತರಲು ಹೋದಾಗ, ಆ ಅಂಕಣದಲ್ಲಿ ಕಲಿತ ಪಾಠವೇ ರಾಜಕಾರಣದ ಪಾಠವಾಗುತ್ತದೆ. ಕ್ಲಿನ್ ಝಾದಲ್ಲಿ ಒಂದು ಬಗೆಯಿದೆ, ಅದರಲ್ಲಿ ಎರಡು ಕಡೆಯವರಿಗೂ ಸೇರಿ ಇರುವುದು ಒಂದೇ ಜೊತೆ ಕಾಯಿಗಳು. ನಾನು ನಡೆಸಿದ ಕಾಯಿಯನ್ನೇ ಮರುನಡೆಯಲ್ಲಿ ಎದುರಾಳಿಯೂ ನಡೆಸಬಹುದು. ಕಾದಂಬರಿಗೆ ಹೆಸರು ಬಂದದ್ದು ಈ ಆಟದಿಂದ. ಎರಡು ಮಹಾಶಕ್ತಿಗಳು ಒಂದೇ ಜನರನ್ನು, ಒಂದೇ ಭಯವನ್ನು ಬಳಸಿಕೊಂಡು ಆಡುವ ಕಥೆಗೆ ಇದಕ್ಕಿಂತ ತಕ್ಕ ಆಟ ಬೇರೊಂದಿರಲಾರದು. ಕ್ಲಿಂಗನ್ನರು ಬರೀ ಖಳರಾಗಿದ್ದ ಕಾಲದಲ್ಲಿ, 'ದಿ ನೆಕ್ಸ್ಟ್ ಜನರೇಷನ್' ಬಂದು ವೋರ್ಫ್ ಎಂಬ ಕ್ಲಿಂಗನ್ ಅಧಿಕಾರಿಯ ಪಾತ್ರ ಹುಟ್ಟುವುದಕ್ಕೆ ಮೂರು ವರ್ಷ ಮೊದಲೇ, ಅವರಿಗೊಂದು ನಾಗರಿಕತೆಯನ್ನೂ ಒಂದು ಘನತೆಯನ್ನೂ ಕೊಟ್ಟ ಪುಸ್ತಕ ಇದು. ಧಾರಾವಾಹಿ ಮುಂದೆ ಬೇರೆಯೇ ದಾರಿ ಹಿಡಿದು ತನ್ನದೇ ಆದ ಕ್ಲಿಂಗನ್ನರನ್ನು ಕಟ್ಟಿತು. ಆದರೂ ಫೋರ್ಡ್ ಅವರ ಕ್ಲಿಂಗನ್ನರು ನನಗೆ ಹೆಚ್ಚು ಆಳವಾಗಿ ಕಾಣುತ್ತಾರೆ.

'ದಿ ನೆಕ್ಸ್ಟ್ ಜನರೇಷನ್' ವಿಷಯದಲ್ಲಿ ನನ್ನ ಉತ್ತರ ಚಿಕ್ಕದು. 1980ರ ದಶಕದ ಕೊನೆಯ ಹೊತ್ತಿಗೆ ಕಾದಂಬರಿಗಳ ಹಸ್ತಪ್ರತಿಗೆ ಅನುಮತಿ ಕೊಡುವ ವ್ಯವಸ್ಥೆ ಬಹಳ ಬಿಗಿಯಾಯಿತು, ಆದ್ದರಿಂದ ಆ ಧಾರಾವಾಹಿಯ ಆರಂಭದ ಕಾದಂಬರಿಗಳಲ್ಲಿ ಹಲವು ಸಪ್ಪೆಯಾಗಿವೆ. ಪೀಟರ್ ಡೇವಿಡ್ ಅವರ ಹೆಸರಿರುವ ಪುಸ್ತಕದಿಂದ ಆರಂಭಿಸಿ. ಆ ಧಾರಾವಾಹಿಯ ಅಧಿಕಾರಿಗಳಾದ ರೈಕರ್ ಮತ್ತು ಟ್ರಾಯ್ ಇವರ ಹಳೆಯ ಪ್ರೇಮವನ್ನು ಹೇಳುವ 'ಇಮ್ಜಾದಿ' (1992) ಅವರ ಅತ್ಯುತ್ತಮ ಪುಸ್ತಕ, ಅದನ್ನು ಓದಲು ಧಾರಾವಾಹಿಯ ಪರಿಚಯವೊಂದಿದ್ದರೆ ಸಾಕು. ಕರ್ಕ್‌ನ ಪಾತ್ರಧಾರಿ ವಿಲಿಯಂ ಶ್ಯಾಟ್ನರ್ ಅವರು ರೀವ್ಸ್-ಸ್ಟೀವನ್ಸ್ ದಂಪತಿಯೊಂದಿಗೆ ಬರೆದು, 1995ರಿಂದ ಪ್ರಕಟಿಸಿದ ಕಾದಂಬರಿಗಳನ್ನು ಅಂಗಡಿಯವರು ಮೊದಲು ತೋರಿಸಬಹುದು. ಅವು ಕರ್ಕ್‌ನ ಅಭಿಮಾನಿಗಳಿಗಾಗಿ ಬರೆದವು, ತಮ್ಮದೇ ದಾರಿಯಲ್ಲಿ ಹೋಗುವಂಥವು. ಮೊದಲ ಓದಿಗೆ ಅವನ್ನು ನಾನು ಸೂಚಿಸುವುದಿಲ್ಲ.

ಪ್ರಶ್ನೆ: ನನಗೆ ಸ್ಟಾರ್ ಟ್ರೆಕ್ ಎಂದರೆ 'ಡೀಪ್ ಸ್ಪೇಸ್ ನೈನ್'. ಕೊನೆಯ ಕಂತಿನಲ್ಲಿ ಬಾಹ್ಯಾಕಾಶ ನಿಲ್ದಾಣದ ನಾಯಕ ಸಿಸ್ಕೊ ಕಣ್ಮರೆಯಾದ ಮೇಲೆ ಏನಾಯಿತೆಂಬುದನ್ನು ಕಾದಂಬರಿಗಳು ಹೇಳುತ್ತವೆಯಂತೆ. ಅವುಗಳ ಕ್ರಮವನ್ನು ದಯವಿಟ್ಟು ತಿಳಿಸಿ.
— ಓದುಗರೊಬ್ಬರು, ಮಂಗಳೂರು

ಉತ್ತರ: ಕ್ರಮವಾಗಿಯೇ ಓದಬೇಕಾದ ಪುಸ್ತಕಗಳೆಂದು ಮೇಲೆ ಹೇಳಿದೆನಲ್ಲ, ಅವು ಶುರುವಾದದ್ದು ನಿಮ್ಮ ಪ್ರಿಯ ಧಾರಾವಾಹಿಯಿಂದಲೇ. ಧಾರಾವಾಹಿ 1999ರಲ್ಲಿ ಮುಗಿಯಿತು. 2001ರಲ್ಲಿ ಎಸ್.ಡಿ. ಪೆರಿ ಅವರ 'ಅವತಾರ್' ಎಂಬ ಕಾದಂಬರಿ ಎರಡು ಭಾಗಗಳಲ್ಲಿ ಬಂದಿತು. ಕೊನೆಯ ಕಂತಿನ ಮೂರು ತಿಂಗಳ ಬಳಿಕ ಅದರ ಕಥೆ ಆರಂಭವಾಗುತ್ತದೆ. ನಿಲ್ದಾಣದ ಹೊಣೆ ಈಗ ಸಿಸ್ಕೊನ ಸಹಾಧಿಕಾರಿಯಾಗಿದ್ದ ಕಿರಾಳ ಹೆಗಲ ಮೇಲಿದೆ. 'ದಿ ನೆಕ್ಸ್ಟ್ ಜನರೇಷನ್' ನೋಡಿದವರಿಗೆ ಪರಿಚಿತಳಾದ ರೋ ಲಾರೆನ್ ಭದ್ರತಾ ಅಧಿಕಾರಿಯಾಗಿ ಬರುತ್ತಾಳೆ, ನೂರು ವರ್ಷ ದಾಟಿದ ಎಲಿಯಸ್ ವಾನ್ ಎಂಬ ಹೊಸ ಅಧಿಕಾರಿಯೂ ಸೇರಿಕೊಳ್ಳುತ್ತಾನೆ. ಧಾರಾವಾಹಿಗೆ ಎಂಟನೆಯ ವರ್ಷವೊಂದಿದ್ದರೆ ಹೇಗಿರುತ್ತಿತ್ತೋ ಹಾಗೆ ಇವನ್ನು ಯೋಜಿಸಿದವರು ಸಂಪಾದಕ ಮಾರ್ಕೊ ಪಾಲ್ಮಿಯೆರಿ. 'ಅವತಾರ್' ಎರಡು ಭಾಗಗಳ ನಂತರ 'ಅಬಿಸ್', ಆಮೇಲೆ 'ಡೀಮನ್ಸ್ ಆಫ್ ಏರ್ ಅಂಡ್ ಡಾರ್ಕ್‌ನೆಸ್', ಬಳಿಕ 2002ರಲ್ಲಿ ಬಂದ 'ಮಿಷನ್ ಗಾಮಾ' ಎಂಬ ನಾಲ್ಕು ಪುಸ್ತಕಗಳು, 2003ರ 'ರೈಸಿಂಗ್ ಸನ್', ಕೊನೆಗೆ ಅದೇ ವರ್ಷದ 'ಯೂನಿಟಿ'. ಮೊದಲ ನಾಲ್ಕನ್ನು ಒಟ್ಟುಗೂಡಿಸಿ 'ಟ್ವಿಸ್ಟ್ ಆಫ್ ಫೇಯ್ತ್' ಎಂಬ ಒಂದು ದಪ್ಪ ಸಂಪುಟವೂ 2007ರಲ್ಲಿ ಬಂದಿದೆ, ಸಿಕ್ಕಿದರೆ ಅದನ್ನೇ ಕೊಳ್ಳಿ. 'ಯೂನಿಟಿ'ಯಲ್ಲಿ ಕಥೆಗೆ ಒಂದು ಒಳ್ಳೆಯ ನಿಲುಗಡೆ ಇದೆ; ಅಲ್ಲಿಗೆ ನಿಲ್ಲಿಸಿದರೂ ಏನನ್ನೂ ಕಳೆದುಕೊಂಡಂತಾಗುವುದಿಲ್ಲ.

ಆದರೆ ಇವುಗಳಿಗೂ ಮೊದಲು ಎರಡು ಬಿಡಿ ಕಾದಂಬರಿಗಳನ್ನು ಓದಬೇಕೆಂದು ನಿಮ್ಮಲ್ಲಿ ಒತ್ತಾಯದಿಂದಲೇ ಕೇಳಿಕೊಳ್ಳುತ್ತೇನೆ. ಒಂದು, 2000ದಲ್ಲಿ ಬಂದ 'ಎ ಸ್ಟಿಚ್ ಇನ್ ಟೈಮ್'. ಗಾರಕ್ ಎಂಬ ದರ್ಜಿ ಗೂಢಚಾರನ ಪಾತ್ರವನ್ನು ಮಾಡಿದ ಆಂಡ್ರ್ಯೂ ರಾಬಿನ್ಸನ್ ಅವರೇ ಇದರ ಲೇಖಕರು. ಪಾತ್ರವನ್ನು ಅರ್ಥ ಮಾಡಿಕೊಳ್ಳಲು ಗಾರಕ್‌ನ ದನಿಯಲ್ಲಿ ದಿನಚರಿ ಬರೆದುಕೊಳ್ಳುತ್ತಿದ್ದ ಅವರು ಅದನ್ನು ಅಭಿಮಾನಿಗಳ ಸಮಾವೇಶಗಳಲ್ಲಿ ಓದಿ ಹೇಳುತ್ತಿದ್ದರು, ಅದೇ ಬೆಳೆದು ಈ ಕಾದಂಬರಿಯಾಯಿತು. ಯುದ್ಧದಲ್ಲಿ ಬೂದಿಯಾದ ತನ್ನ ಊರಿನಲ್ಲಿ ಕುಳಿತು ಗಾರಕ್ ಡಾಕ್ಟರ್ ಬಷೀರ್‌ಗೆ ಬರೆಯುವ ದೀರ್ಘ ಪತ್ರ ಇದು. ಧಾರಾವಾಹಿಯ ಉದ್ದಕ್ಕೂ ಒಂದು ಮಾತನ್ನೂ ನೇರವಾಗಿ ಆಡದಿದ್ದ ಮನುಷ್ಯ ಇಲ್ಲಿ ಬಾಲ್ಯದ ಗುರುಕುಲದಿಂದ ಹಿಡಿದು ತನ್ನನ್ನು ತಾನೇ ಬಿಚ್ಚಿಡುತ್ತಾ ಹೋಗುತ್ತಾನೆ, ಆಗಲೂ ಅವನನ್ನು ಪೂರ್ತಿಯಾಗಿ ನಂಬಬೇಕೋ ಬೇಡವೋ ಎಂಬ ಅನುಮಾನ ಓದುಗರಿಗೆ ಉಳಿದೇ ಇರುತ್ತದೆ.

ಇನ್ನೊಂದು, ಊನಾ ಮೆಕಾರ್ಮ್ಯಾಕ್ ಅವರ 'ದಿ ನೆವರ್-ಎಂಡಿಂಗ್ ಸ್ಯಾಕ್ರಿಫೈಸ್' (2009). ಧಾರಾವಾಹಿಯ ಎರಡನೆಯ ವರ್ಷದ ಒಂದು ಕಂತಿನಲ್ಲಿ ಹಿಂದೆ ಕಾರ್ಡೇಸಿಯನ್ನರ ಆಕ್ರಮಣಕ್ಕೆ ಒಳಗಾಗಿದ್ದ ಬಜೋರ್ ಲೋಕದ ದಂಪತಿ ಸಾಕಿ ಬೆಳೆಸಿದ ರುಗಲ್ ಎಂಬ ಕಾರ್ಡೇಸಿಯನ್ ಹುಡುಗನನ್ನು, ಅವನಿಗೆ ಇಷ್ಟವಿಲ್ಲದಿದ್ದರೂ, ಹೆತ್ತ ತಂದೆಯ ಜೊತೆ ಕಾರ್ಡೇಸಿಯಾಗೆ ಕಳುಹಿಸಿಕೊಡುತ್ತಾರೆ. ಸಿಸ್ಕೊ ತೀರ್ಪು ಕೊಡುತ್ತಾನೆ, ಕಂತು ಮುಗಿಯುತ್ತದೆ, ಆ ಹುಡುಗನ ಹೆಸರು ಧಾರಾವಾಹಿಯಲ್ಲಿ ಮತ್ತೆ ಬರುವುದಿಲ್ಲ. ಕಾದಂಬರಿ ಶುರುವಾಗುವುದು ಅಲ್ಲಿಂದಲೇ. ತಾನು ದ್ವೇಷಿಸುತ್ತ ಬೆಳೆದ ಜನರ ನಡುವೆ ಅವರಲ್ಲೊಬ್ಬನಾಗಿ ಬದುಕಬೇಕಾಗಿ ಬಂದ ಹುಡುಗ ಶಾಲೆಗೆ ಹೋಗುತ್ತಾನೆ, ಅಜ್ಜಿಯ ತಿರಸ್ಕಾರವನ್ನು ಸಹಿಸುತ್ತಾನೆ, ಸೈನ್ಯಕ್ಕೆ ಸೇರುತ್ತಾನೆ. ನಾವು ಧಾರಾವಾಹಿಯಲ್ಲಿ ನಿಲ್ದಾಣದ ಕಿಟಕಿಯಿಂದ ನೋಡಿದ ಮಹಾಯುದ್ಧ ಇಲ್ಲಿ ಸೋತ ನೆಲದ ಬೀದಿಯಿಂದ ಕಾಣಿಸುತ್ತದೆ. ಬೇರೊಂದು ಮಾಧ್ಯಮದ ಕಥೆಯನ್ನು ಆಧರಿಸಿದ ಕಾದಂಬರಿ ಏನು ಮಾಡಬಲ್ಲದು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವ ಪುಸ್ತಕ ಇದೇ.

ಪ್ರಶ್ನೆ: ಕಾದಂಬರಿಗಳಲ್ಲಿ ನಡೆಯುವುದನ್ನು ಧಾರಾವಾಹಿಯವರು ಒಪ್ಪುವುದಿಲ್ಲ, 2021ರಲ್ಲಿ ಆ ಕಥೆಗಳನ್ನೆಲ್ಲ ಅಳಿಸಿಹಾಕಿದರು ಎಂದು ಕೇಳಿದ್ದೇನೆ. ಹಾಗಿದ್ದರೆ ಅವನ್ನು ಓದುವುದರಿಂದ ಪ್ರಯೋಜನವೇನು?
— ಓದುಗರೊಬ್ಬರು, ಹಾಸನ

ಉತ್ತರ: ನೀವು ಕೇಳಿದ್ದರಲ್ಲಿ ಅರ್ಧ ನಿಜ. ಸ್ಟಾರ್ ಟ್ರೆಕ್‌ನಲ್ಲಿ ತೆರೆಯ ಮೇಲೆ ಬಂದದ್ದಕ್ಕೆ ಮಾತ್ರ ಅಧಿಕೃತ ಸ್ಥಾನ. ಕಾದಂಬರಿಗಳಿಗೆ ಅನುಮತಿ ಇದೆ, ಆದರೆ ಮುಂದಿನ ಧಾರಾವಾಹಿ ಬರೆಯುವವರು ಅವುಗಳಿಗೆ ಕಟ್ಟುಬೀಳಬೇಕಾಗಿಲ್ಲ. 2001ರಿಂದ ಬೇರೆ ಬೇರೆ ಲೇಖಕರು ಕೂಡಿ ಕಟ್ಟಿದ್ದ ಕಥಾಲೋಕದಲ್ಲಿ 'ದಿ ನೆಕ್ಸ್ಟ್ ಜನರೇಷನ್'ನ ನೌಕಾನಾಯಕ ಪಿಕಾರ್ಡ್‌ಗೆ ಮದುವೆಯಾಗಿ ಮಗನೂ ಹುಟ್ಟಿದ್ದ. 2020ರಲ್ಲಿ ಪಿಕಾರ್ಡ್‌ನ ಹೆಸರಿನ ಧಾರಾವಾಹಿ ಬೇರೆಯದೇ ಬದುಕನ್ನು ತೋರಿಸಿದಾಗ ಎರಡೂ ಒಟ್ಟಿಗೆ ಸಾಗುವಂತಿರಲಿಲ್ಲ. ಆಗ ಡೇಟನ್ ವಾರ್ಡ್, ಜೇಮ್ಸ್ ಸ್ವಾಲೋ ಮತ್ತು ಡೇವಿಡ್ ಮ್ಯಾಕ್ ತಲಾ ಒಂದು ಪುಸ್ತಕ ಬರೆದು, 'ಕೋಡಾ' ಎಂಬ ಮೂರು ಭಾಗಗಳಲ್ಲಿ ಆ ಲೋಕಕ್ಕೆ ಅಂತ್ಯ ಹಾಡಿದರು. ಇದನ್ನು ಅಳಿಸಿಹಾಕುವುದು ಎಂದು ಕರೆಯುವುದು ಸರಿಯಲ್ಲ. ಇಪ್ಪತ್ತು ವರ್ಷ ಅದನ್ನು ಬೆಳೆಸಿದ ಲೇಖಕರಿಗೇ ಅದನ್ನು ಮುಗಿಸುವ ಅವಕಾಶವೂ ಸಿಕ್ಕಿತು. ಹಠಾತ್ತನೆ ನಿಂತುಹೋಗುವ ಎಷ್ಟೋ ಪುಸ್ತಕಮಾಲೆಗಳಿಗೆ ಈ ಭಾಗ್ಯ ಇರುವುದಿಲ್ಲ. ಹೊಸ ಓದುಗರು ಮಾತ್ರ 'ಕೋಡಾ'ವನ್ನು ಮೊದಲು ಓದಲೇಬಾರದು. ಅಲ್ಲಿ ಒಬ್ಬೊಬ್ಬರೇ ಅಗಲಿ ಹೋಗುವವರ ಪರಿಚಯವಿಲ್ಲದೆ ಅಗಲಿಕೆಯ ದುಃಖ ತಟ್ಟುವುದಿಲ್ಲ.

ಇನ್ನು ಒಪ್ಪುವುದಿಲ್ಲ ಎಂಬ ಮಾತು. ತೆರೆಯವರು ಪುಸ್ತಕಗಳಿಂದ ತೆಗೆದುಕೊಂಡದ್ದೂ ಉಂಟು. ಮೊದಲ ಧಾರಾವಾಹಿಯ ಸುಲು ಎಂಬ ಅಧಿಕಾರಿಗೆ ಹಿಕಾರು ಎಂಬ ಮೊದಲ ಹೆಸರನ್ನು ಕೊಟ್ಟದ್ದು ಮೆಕಿಂಟೈರ್ ಅವರ 'ದಿ ಎಂಟ್ರೊಪಿ ಎಫೆಕ್ಟ್'. ಹತ್ತು ವರ್ಷಗಳ ನಂತರ, 1991ರ ಆರನೆಯ ಚಲನಚಿತ್ರದಲ್ಲಿ ಅದು ತೆರೆಯ ಮೇಲೂ ಕೇಳಿಬಂದಿತು. ಡುವೇನ್ ಅವರ 1983ರ 'ದಿ ವೂಂಡೆಡ್ ಸ್ಕೈ' ಕಾದಂಬರಿಯ ಕಲ್ಪನೆಗಳನ್ನು, ಅವರೇ ಸಹಲೇಖಕಿಯಾಗಿ, 'ದಿ ನೆಕ್ಸ್ಟ್ ಜನರೇಷನ್' ಧಾರಾವಾಹಿಯ ಮೊದಲ ವರ್ಷದ ಒಂದು ಕಂತಿಗೆ ಅಳವಡಿಸಿದರು. ಆದರೆ ಪುಸ್ತಕದ ಬೆಲೆಯನ್ನು ಇದರಿಂದ ಅಳೆಯಬೇಕಾಗಿಲ್ಲ. ರುಗಲ್‌ನ ಬಾಳು ನಮ್ಮನ್ನು ತಟ್ಟುವುದಕ್ಕೆ ಯಾವ ಸ್ಟುಡಿಯೋದ ಮುದ್ರೆಯೂ ಬೇಕಾಗಿಲ್ಲ. ಒಂದೇ ಕಥೆಯನ್ನು ಬೇರೆ ಬೇರೆ ಕವಿಗಳು ತಮ್ಮ ತಮ್ಮ ಬಗೆಯಲ್ಲಿ ಹೇಳಿದ್ದನ್ನು ಓದಿ ಬೆಳೆದ ನಮಗೆ, ಪಂಪನ ಕರ್ಣನನ್ನೂ ಕುಮಾರವ್ಯಾಸನ ಕರ್ಣನನ್ನೂ ಬೇರೆ ಬೇರೆಯಾಗಿಯೇ ಪ್ರೀತಿಸಬಲ್ಲ ನಮಗೆ, ಇದು ಹೊಸ ಅಭ್ಯಾಸವೂ ಅಲ್ಲ.

ತೆರೆಯ ಕಥೆಗೆ ಎಲ್ಲಿಯೂ ತಾಗದಂತೆ ಓದಬೇಕೆಂಬ ಆಸೆಯಿದ್ದರೆ 'ವ್ಯಾನ್‌ಗಾರ್ಡ್' ಮಾಲೆಯನ್ನು ಓದಿ. 2005ರಲ್ಲಿ ಡೇವಿಡ್ ಮ್ಯಾಕ್ ಅವರ 'ಹಾರ್ಬಿಂಜರ್'ನಿಂದ ಆರಂಭವಾಗಿ 2012ರಲ್ಲಿ ಮುಗಿದ ಈ ಮಾಲೆ ಕರ್ಕ್‌ನ ಕಾಲದ್ದೇ. ಆದರೆ ಅದರ ನೆಲೆ ಟಾರಸ್ ರೀಚ್ ಎಂಬ ದೂರದ ಪ್ರದೇಶದ ಅಂಚಿನಲ್ಲಿರುವ ಒಂದು ಬಾಹ್ಯಾಕಾಶ ನಿಲ್ದಾಣ. ಮೊದಲ ಪುಸ್ತಕದಲ್ಲಿ ದುರಸ್ತಿಗೆಂದು ಅಲ್ಲಿಗೆ ಬಂದ ಕರ್ಕ್‌ಗೆ, ಇಷ್ಟು ದೂರದಲ್ಲಿ ಇಷ್ಟು ದೊಡ್ಡ ನಿಲ್ದಾಣವನ್ನು ಇಷ್ಟು ಅವಸರದಲ್ಲಿ ಕಟ್ಟಿದ್ದೇಕೆ ಎಂಬ ಪ್ರಶ್ನೆ ಏಳುತ್ತದೆ. ಅವನು ಹೊರಟುಹೋಗುತ್ತಾನೆ, ಓದುಗರು ಆ ಪ್ರಶ್ನೆಯೊಂದಿಗೆ ಅಲ್ಲಿಯೇ ಉಳಿಯುತ್ತಾರೆ. ಮೊದಲ ಧಾರಾವಾಹಿಯ ನಾಲ್ಕಾರು ಕಂತುಗಳನ್ನು ನೋಡಿದ್ದರೂ ಇದನ್ನು ಸಲೀಸಾಗಿ ಓದಬಹುದು.

ಪ್ರಶ್ನೆ: ಸ್ಟಾರ್ ಟ್ರೆಕ್‌ನ ಖಳನಾಯಕ ಖಾನ್ ನೂನಿಯನ್ ಸಿಂಗ್ ಭಾರತ ಮೂಲದವನೆಂದು ಹೇಳುತ್ತಾರೆ. ಅವನ ಹಿಂದಿನ ಕಥೆಯನ್ನು ಹೇಳುವ ಕಾದಂಬರಿ ಇದೆಯೇ?
— ಓದುಗರೊಬ್ಬರು, ಬೆಳಗಾವಿ

ಉತ್ತರ: ಇದೆ. 1967ರ 'ಸ್ಪೇಸ್ ಸೀಡ್' ಎಂಬ ಕಂತಿನಲ್ಲಿ ಅವನು ಉತ್ತರ ಭಾರತದವನು, ಬಹುಶಃ ಸಿಖ್ಖನಿರಬೇಕು ಎಂದು ನೌಕೆಯ ಇತಿಹಾಸಕಾರ್ತಿ ಊಹಿಸುತ್ತಾಳೆ. ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ವಂಶವಾಹಿಗಳನ್ನು ತಿದ್ದಿ ಸೃಷ್ಟಿಸಿದ ಅತಿಮಾನವರಿಂದ ಜಗತ್ತಿನಲ್ಲಿ ಮಹಾಯುದ್ಧ ನಡೆಯಿತೆಂದೂ ಆ ಕಂತು ಹೇಳುತ್ತದೆ. ಆ ದಶಕ ಬಂದು ಹೋಯಿತು, ಯುದ್ಧ ನಡೆಯಲಿಲ್ಲ. ಗ್ರೆಗ್ ಕಾಕ್ಸ್ ಅವರು 'ದಿ ಯುಜೆನಿಕ್ಸ್ ವಾರ್ಸ್' ಎಂಬ ಎರಡು ಸಂಪುಟಗಳಲ್ಲಿ (2001 ಮತ್ತು 2002) ಈ ತೊಡಕನ್ನು ಬಿಡಿಸಿದ ಬಗೆ ಜಾಣತನದ್ದು: ಯುದ್ಧ ನಡೆಯಿತು, ಆದರೆ ನಮಗೆ ಗೊತ್ತಿರುವ ನಿಜವಾದ ಘಟನೆಗಳ ಹಿಂದೆ, ಯಾರಿಗೂ ತಿಳಿಯದಂತೆ ನಡೆಯಿತು. ಕಥೆ 1970ರ ದಶಕದಲ್ಲಿ ಆರಂಭವಾಗುತ್ತದೆ. ಖಾನ್ ಮತ್ತು ಅವನಂಥ ಮಕ್ಕಳನ್ನು ಸೃಷ್ಟಿಸುವ ಗುಪ್ತ ಪ್ರಯೋಗಾಲಯ ಇರುವುದು ರಾಜಸ್ಥಾನದ ಮರುಭೂಮಿಯ ನೆಲದಡಿಯಲ್ಲಿ, ಅದರ ಮುಖ್ಯಸ್ಥೆ ಸರೀನಾ ಕೌರ್ ಎಂಬ ವಿಜ್ಞಾನಿ. ಇವನ್ನು ಓದುವ ಮೊದಲು 'ಸ್ಪೇಸ್ ಸೀಡ್' ಮತ್ತು 1968ರ 'ಅಸೈನ್‌ಮೆಂಟ್: ಅರ್ತ್' ಕಂತುಗಳನ್ನು ನೋಡಿಕೊಂಡಿರಿ, ಏಕೆಂದರೆ ಎರಡನೆಯ ಕಂತಿನ ಗ್ಯಾರಿ ಸೆವೆನ್ ಇಲ್ಲಿ ಪ್ರಮುಖ ಪಾತ್ರ. ಎರಡು ಸಂಪುಟಗಳ ನಂತರ ಖಾನ್‌ನ ಗಡಿಪಾರಿನ ಬದುಕನ್ನು ಹೇಳುವ 'ಟು ರೇನ್ ಇನ್ ಹೆಲ್' (2005) ಇದೆ, ಅದನ್ನು 1982ರ ಚಲನಚಿತ್ರ ನೋಡಿದ ಮೇಲೆ ಓದುವುದು ಒಳ್ಳೆಯದು. ಮೊದಲ ಸಂಪುಟವೇ ಮೂರರಲ್ಲಿ ಗಟ್ಟಿಯಾದದ್ದು ಎಂದು ನನಗನ್ನಿಸುತ್ತದೆ. ಎರಡನೆಯದರಲ್ಲಿ ನಿಜ ಘಟನೆಗಳನ್ನೆಲ್ಲ ಒಂದೇ ದಾರಕ್ಕೆ ಪೋಣಿಸುವ ಹಂಬಲ ಸ್ವಲ್ಪ ಅತಿಯಾಗಿದೆ.

ಪ್ರಶ್ನೆ: ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳಿಗೆ ಬಾಹ್ಯಾಕಾಶದ ಕಥೆಗಳೆಂದರೆ ಬಹಳ ಇಷ್ಟ. ಅವಳು ಸ್ಟಾರ್ ಟ್ರೆಕ್ ಧಾರಾವಾಹಿಯನ್ನು ನೋಡಿಲ್ಲ. ನೇರವಾಗಿ ಕಾದಂಬರಿಯನ್ನೇ ಕೊಡಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಕೊಡಬಹುದು, ಆರಿಸಿ ಕೊಡಬೇಕು. ಯಾರ ಪರಿಚಯವೂ ಇಲ್ಲದವರಿಗೆ ಮೆಕಿಂಟೈರ್ ಅವರ 1986ರ 'ಎಂಟರ್‌ಪ್ರೈಸ್: ದಿ ಫಸ್ಟ್ ಅಡ್ವೆಂಚರ್' ಬಹಳ ಅನುಕೂಲ, ಏಕೆಂದರೆ ಅದರಲ್ಲಿ ಪಾತ್ರಗಳಿಗೂ ಒಬ್ಬರಿಗೊಬ್ಬರ ಪರಿಚಯ ಆಗತಾನೇ ಆಗುತ್ತಿದೆ. ಚಿಕ್ಕ ವಯಸ್ಸಿಗೆ ನೌಕೆಯ ಹೊಣೆ ಹೊತ್ತ ಕರ್ಕ್ ಏನೋ ದೊಡ್ಡ ಸಾಹಸದ ಕನಸು ಕಾಣುತ್ತಿದ್ದರೆ, ಅವನಿಗೆ ಸಿಗುವ ಮೊದಲ ಕೆಲಸ ಒಂದು ಮನರಂಜನಾ ತಂಡವನ್ನು ಊರಿಂದೂರಿಗೆ ಕರೆದೊಯ್ಯುವುದು. ಆ ತಂಡದಲ್ಲಿ ರೆಕ್ಕೆಯ ಕುದುರೆಯೊಂದಿದೆ. ಅದಕ್ಕೆ ಓಡಾಡಲು ನೌಕೆಯಲ್ಲಿ ಜಾಗ ಮಾಡಿಕೊಡುವುದೇ ಒಂದು ಪಾಡು. ನಿಮ್ಮ ಮಗಳಿಗೆ ಇದು ಖಂಡಿತ ಹಿಡಿಸುತ್ತದೆ. ಕಾದಂಬರಿ ದೊಡ್ಡದೆನಿಸಿದರೆ, ಜೇಮ್ಸ್ ಬ್ಲಿಷ್ ಅವರು ಮೊದಲ ಧಾರಾವಾಹಿಯ ಕಂತುಗಳನ್ನು ಸಣ್ಣ ಕಥೆಗಳಾಗಿ ಬರೆದ ಸಂಪುಟಗಳಿವೆ. ಮೊದಲನೆಯದು ಬಂದದ್ದು 1967ರಲ್ಲಿ, ಧಾರಾವಾಹಿ ಇನ್ನೂ ಪ್ರಸಾರವಾಗುತ್ತಿದ್ದಾಗಲೇ. ಚಿತ್ರೀಕರಣಕ್ಕೆ ಮುಂಚಿನ ಚಿತ್ರಕಥೆಗಳನ್ನು ಇಟ್ಟುಕೊಂಡು ಬರೆದುದರಿಂದ ಕೆಲವು ವಿವರಗಳು ತೆರೆಯ ಮೇಲಿನದಕ್ಕಿಂತ ಬೇರೆಯಾಗಿವೆ. ಒಂದು ಕಥೆ ಓದಿ, ಆಮೇಲೆ ಅದೇ ಕಂತನ್ನು ನೀವಿಬ್ಬರೂ ಕೂಡಿ ನೋಡಿ, ಎಲ್ಲೆಲ್ಲಿ ಬದಲಾಗಿದೆ ಎಂದು ಅವಳನ್ನೇ ಕೇಳಬಹುದು. ಮಕ್ಕಳಿಗೆಂದೇ ಪೀಟರ್ ಡೇವಿಡ್ ಬರೆದ 'ವೋರ್ಫ್ಸ್ ಫಸ್ಟ್ ಅಡ್ವೆಂಚರ್' (1993) ಕೂಡ ಇದೆ, ಆದರೆ ಇಂಗ್ಲಿಷ್ ಓದು ಚೆನ್ನಾಗಿರುವ ಒಂಬತ್ತನೆಯ ತರಗತಿಯವರಿಗೆ ಅದು ತೀರ ಸುಲಭವಾದೀತು.

ಪ್ರಶ್ನೆ: ಈ ಪುಸ್ತಕಗಳನ್ನು ಕೊಳ್ಳುವಾಗ ಏನೇನು ಗಮನಿಸಬೇಕು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಊರಿನಲ್ಲಿಯೇ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಗಳಿರುವುದು ನಿಮಗೊಂದು ಅನುಕೂಲ. 1980 ಮತ್ತು 1990ರ ದಶಕದ ಸಣ್ಣ ಅಳತೆಯ ಪೇಪರ್‌ಬ್ಯಾಕ್‌ಗಳು ಇಂಥ ಕಪಾಟುಗಳಲ್ಲಿಯೇ ಸಿಗುವಂಥವು, ಬೇಕಾದ ಪುಸ್ತಕ ಅಲ್ಲಿ ಸಿಗದಿದ್ದರೆ ಪ್ರಕಾಶಕರ ಇ-ಪುಸ್ತಕವನ್ನು ಹುಡುಕಬಹುದು. ಕೈಗೆ ಬಂದ ಪುಸ್ತಕದ ಮುಖಪುಟಕ್ಕಿಂತ ಮೊದಲ ಕೆಲವು ಹಾಳೆಗಳನ್ನು ತಿರುವಿ ನೋಡಿ. ಕಥೆಗೆ ಮುನ್ನ ಇತಿಹಾಸಕಾರನ ಟಿಪ್ಪಣಿ ಎಂಬ ಚಿಕ್ಕ ಬರಹವೊಂದು ಹಲವು ಪುಸ್ತಕಗಳಲ್ಲಿ ಇರುತ್ತದೆ; ಈ ಕಥೆ ಯಾವ ವರ್ಷದಲ್ಲಿ, ಯಾವ ಕಂತಿನ ಅಥವಾ ಯಾವ ಚಲನಚಿತ್ರದ ನಂತರ ನಡೆಯುತ್ತದೆ ಎಂದು ಅದು ಎರಡು ಮೂರು ಸಾಲುಗಳಲ್ಲಿ ಹೇಳುತ್ತದೆ. ಅಲ್ಲಿ ನಿಮಗೆ ಗೊತ್ತಿರುವ ಕಂತಿನ ಹೆಸರು ಮಾತ್ರ ಇದ್ದರೆ ನಿಶ್ಚಿಂತೆಯಿಂದ ಕೊಳ್ಳಿ. ಬೇರೆ ಕಾದಂಬರಿಗಳ ಹೆಸರು ಇದ್ದರೆ ಅದು ಕ್ರಮವಾಗಿ ಓದಬೇಕಾದ ಮಾಲೆಯ ನಡುವಿನ ಪುಸ್ತಕ, ಮೊದಲಿನವು ಸಿಗುವ ತನಕ ಬಿಡಿ. ಅರೆಯಂತ್ರ ಜೀವಿಗಳಾದ ಬೋರ್ಗ್‌ಗಳ ಕಡೆಯ ದಾಳಿಯನ್ನು ಹೇಳುವ ಡೇವಿಡ್ ಮ್ಯಾಕ್ ಅವರ 'ಡೆಸ್ಟಿನಿ' (2008) ಹೀಗೆ ಮೂರು ಭಾಗಗಳಲ್ಲಿದೆ. ಒಂದು ಭಾಗ ಮಾತ್ರ ಕಂಡರೆ ಆತುರಪಡದೆ, ಮೂರನ್ನೂ ಕೂಡಿಸಿ 2012ರಲ್ಲಿ ತಂದ ಒಂದೇ ಸಂಪುಟವನ್ನು ಹುಡುಕಿ.